ಹಸಿರು ಕ್ಯಾಲಿಕೋ ಪುಸ್ತಕ ಮತ್ತು ನನ್ನ ಬೆನ್ನು

ನಾನು ಓದು ನಿಲ್ಲಿಸಿದ್ದು 1991ರಲ್ಲಿ. ಒಂಬತ್ತನೇ ಕ್ಲಾಸಿನ ಪರೀಕ್ಷೆಯಲ್ಲಿ ಮೂರು ವಿಷಯ ಹೋಗಿತ್ತು. ಆ ಜನವರಿಯಲ್ಲಷ್ಟೇ ಅಪ್ಪ ತೀರಿಕೊಂಡಿದ್ದರಿಂದ ಹೆಡ್‌ಮಾಸ್ಟರು ಕನಿಕರದಿಂದಲೇ ಮಾತಾಡಿದರು. ಇನ್ನೊಂದು ವರ್ಷ ಅದೇ ಕ್ಲಾಸಿನಲ್ಲಿ ಕೂರಲಿ ಎಂದರು. ನನಗಿಂತ ಗೇಣುದ್ದ ಚಿಕ್ಕವರ ಪಕ್ಕ ಕೂರುವುದು ನನ್ನಿಂದಾಗುವ ಮಾತಲ್ಲ. ಮಾರನೆಯ ದಿನವೇ ಮದರಾಸಿನ ಪುರಸೈವಾಕ್ಕಂನ ನಮ್ಮ ಬೀದಿಯ ಕೊನೆಯಲ್ಲಿದ್ದ ಬೈಂಡಿಂಗ್ ಅಂಗಡಿಗೆ ಹೋಗಿ ಏಳುಮಲೈ ಮೇಸ್ತ್ರಿಯ ಮುಂದೆ ನಿಂತೆ. ಇದನ್ನು ಮೊದಲೇ ಹೇಳಿಬಿಡುತ್ತೇನೆ. ಮುಂದೆ ಕಾದಂಬರಿಗಳ ವಿಷಯ ಬರುತ್ತದೆ, ಯಾರೋ ಓದಿಕೊಂಡವನು ಬರೆದದ್ದು ಎಂದು ಯಾರೂ ತಪ್ಪು ತಿಳಿಯಬಾರದು.

ಇಪ್ಪತ್ತು ತುಂಬುವುದರೊಳಗೆ ಆ ಅಂಗಡಿಯಲ್ಲಿ ಮೇಸ್ತ್ರಿ ಬಿಟ್ಟರೆ ನಾನೇ. ಬಿಚ್ಚಿಹೋದ ಯಾವ ಪುಸ್ತಕ ಬೇಕಾದರೂ ಕೊಡಿ, ಫಾರಂ ಫಾರಂ ಬೇರೆ ಮಾಡಿ, ಹಳೇ ಅಂಟು ಕೆರೆದು, ಹೊಸ ದಾರದಲ್ಲಿ ಹೊಲಿದು, ಕ್ಯಾಲಿಕೋ ಬಟ್ಟೆ ಹೊದಿಸಿ ಕೊಟ್ಟರೆ ಇನ್ನು ಮೂವತ್ತು ವರ್ಷ ಅದನ್ನು ಯಾರೂ ಅಲ್ಲಾಡಿಸುವಂತಿಲ್ಲ. ಫಾರಂ ಎಂದರೆ ಹದಿನಾರು ಪುಟಗಳ ಒಂದು ಮಡಿಕೆ. ಅಂಥ ಹತ್ತೋ ಹದಿನೈದೋ ಮಡಿಕೆ ಸೇರಿದರೆ ಒಂದು ಪುಸ್ತಕ. ನನಗೆ ಪುಸ್ತಕ ಗೊತ್ತಿದ್ದದ್ದು ಅಷ್ಟೇ. ಒಳಗೆ ಏನು ಬರೆದಿದೆ ಎಂದು ನೋಡುವುದು ನನ್ನ ಕೆಲಸ ಅಲ್ಲ ಎಂದುಕೊಂಡಿದ್ದೆ.

ನಮ್ಮಪ್ಪ ಕೋಲಾರದ ಕಡೆಯಿಂದ ಬಂದು ರೈಲ್ವೆ ವರ್ಕ್‌ಶಾಪಿನಲ್ಲಿ ಫಿಟ್ಟರ್ ಆಗಿದ್ದವರು. ಮನೆಯಲ್ಲಿ ಕನ್ನಡ, ಹೊರಗೆಲ್ಲ ತಮಿಳು. ಸ್ಕೂಲೂ ತಮಿಳಿನದೇ. ಕನ್ನಡದ ಅಕ್ಷರವನ್ನು ಅಮ್ಮ ಅಡುಗೆಮನೆಯ ನೆಲದ ಮೇಲೆ ಇದ್ದಿಲಿನಲ್ಲಿ ಬರೆದು ಕಲಿಸಿದ್ದಳು. ಅಂಕಿ ಕಲಿಸಲಿಲ್ಲ. ಲೆಕ್ಕ ಸ್ಕೂಲಿನಲ್ಲಿ ಹೇಳಿಕೊಡ್ತಾರಲ್ಲ ಎಂದು ಬಿಟ್ಟಳು. ಈ ಸಣ್ಣ ಸಂಗತಿಯನ್ನು ನೆನಪಿಟ್ಟುಕೊಳ್ಳಿ.

1998ರ ಬೇಸಿಗೆಯಲ್ಲಿ ಬೆನ್ನು ನೋಯತೊಡಗಿತು. ಕಾಗದದ ರೀಮು ಎತ್ತುವವನಿಗೆ, ಪ್ರೆಸ್ಸಿನ ಚಕ್ರ ತಿರುಗಿಸುವವನಿಗೆ ಬೆನ್ನುನೋವು ದೊಡ್ಡ ಸುದ್ದಿಯಲ್ಲ. ಬೀದಿಯ ಡಾಕ್ಟರು ಸ್ನಾಯು ಹಿಡಿದಿದೆ ಎಂದರು. ಅಮ್ಮ ಎಣ್ಣೆ ತಿಕ್ಕಿದಳು. ಸಂಜೆಯಾದರೆ ಮೈ ಬೆಚ್ಚಗಾಗುತ್ತಿತ್ತು, ಮೈಗೆ ಹಾಕಿದ ಅಂಗಿ ದಿನೇ ದಿನೇ ದೊಡ್ಡದಾಗುತ್ತಿತ್ತು. ಆರು ತಿಂಗಳು ಆ ನೋವಿನ ಮೇಲೇ ದುಡಿದೆ. ಒಂದು ದಿನ ರಜೆ ಹಾಕಲಿಲ್ಲ. ಅದನ್ನೇ ಗಂಡಸುತನ ಎಂದುಕೊಂಡಿದ್ದೆ.

ದೀಪಾವಳಿಗೆ ಮುಂಚಿನ ವಾರ. ಪುರಸೈವಾಕ್ಕಂ ಹೈರೋಡಿನಲ್ಲಿ ಆ ದಿನಗಳಲ್ಲಿ ನಡೆಯುವುದಿಲ್ಲ, ಜನರೇ ತಳ್ಳಿಕೊಂಡು ಹೋಗುತ್ತಾರೆ. ಹಾಗೆ ತಳ್ಳಿಸಿಕೊಂಡು ಮನೆಗೆ ಬಂದು ಮೆಟ್ಟಿಲು ಹತ್ತಿದೆ. ಅಕ್ಕ ಗೌರಿ ಅದೇ ರಸ್ತೆಯ ಜವಳಿ ಅಂಗಡಿಯಲ್ಲಿ ಸೀರೆ ತೋರಿಸುವ ಕೆಲಸದಲ್ಲಿದ್ದಳು. ಊಟದ ಬಿಡುವಿಗೆ ಬಂದು ಬಾಗಿಲಲ್ಲೇ ನಿಂತಿದ್ದಳು.

"ಇನ್ನೊಂದು ಎಲ್ಲೋ?" ಅಂದಳು.

"ಏನು ಇನ್ನೊಂದು?"

"ಚಪ್ಪಲಿ."

ಕೆಳಗೆ ನೋಡಿದೆ. ಬಲಗಾಲಲ್ಲಿ ಚಪ್ಪಲಿ ಇತ್ತು. ಎಡಗಾಲು ಬರಿಗಾಲು. ಹಿಮ್ಮಡಿಯ ಹತ್ತಿರ ಗಾಜು ಕುಯ್ದು, ಹತ್ತಿ ಬಂದ ಮೆಟ್ಟಿಲಿಗೆಲ್ಲ ಕೆಂಪು ಗುರುತು ಬಿದ್ದಿತ್ತು. ನನಗೆ ಏನೂ ಗೊತ್ತಾಗಿರಲಿಲ್ಲ.

ಅಕ್ಕ ಕಾಲು ಒರೆಸುತ್ತ, "ಇಷ್ಟು ದಿನ ಒಬ್ಬನೇ ಇಟ್ಕೊಂಡು ತಿಂದೆಯಲ್ಲ ಈ ನೋವನ್ನ, ನಮಗೂ ಸ್ವಲ್ಪ ಕೊಡಬಾರದಾ," ಎಂದಳು. ಅವಳ ಮಾತೇ ಹಾಗೆ.

ಮಾರನೆಯ ದಿನ ಕೀಲ್ಪಾಕ್‌ನ ದೊಡ್ಡಾಸ್ಪತ್ರೆ. ಕಾಯುವ ಬೆಂಚಿನ ಬಗ್ಗೆ ಒಂದು ಮಾತು ಹೇಳಬೇಕು, ಈಗ ಅಂಥದೇ ಬೆಂಚಿನ ಮೇಲೆ ಕೂತವರು ಯಾರಾದರೂ ಇದನ್ನು ಓದುತ್ತಿರಬಹುದು. ಆ ಬೆಂಚಿನಲ್ಲಿ ಎಲ್ಲರೂ ತಮ್ಮ ಎಕ್ಸ್‌ರೇ ಕವರನ್ನು ಮಗುವಿನಂತೆ ತೊಡೆಯ ಮೇಲಿಟ್ಟುಕೊಂಡಿರುತ್ತಾರೆ. ಯಾರೂ ತೆಗೆದು ನೋಡುವುದಿಲ್ಲ. ನನ್ನ ಪಕ್ಕದ ಮುದುಕಿ ಮಾತ್ರ ಬೆಳಕಿಗೆ ಹಿಡಿದು ನೋಡಿ, "ನಲ್ಲಾತಾನ್ ಇರುಕ್ಕು," ಚೆನ್ನಾಗೇ ಇದೆ, ಎಂದು ತನಗೆ ತಾನೇ ಸರ್ಟಿಫಿಕೇಟು ಕೊಟ್ಟುಕೊಂಡಳು. ಆಮೇಲೆ ನನ್ನದನ್ನೂ ಕೇಳಿ ತೆಗೆದುಕೊಂಡು ನೋಡಿ, ನಿನ್ನದೂ ಚೆನ್ನಾಗಿದೆ ತಂಬಿ ಎಂದಳು. ಅವತ್ತು ನನಗೆ ಒಳ್ಳೆಯ ಸುದ್ದಿ ಹೇಳಿದವಳು ಅವಳೊಬ್ಬಳೇ.

ಡಾಕ್ಟರು ಚಿಕ್ಕ ವಯಸ್ಸಿನ ಹೆಂಗಸು. ಕಣ್ಣು ಮುಚ್ಚಿಸಿ, ಕಾಲ್ಬೆರಳಿಗೆ ಪಿನ್ನಿನಿಂದ ಚುಚ್ಚುತ್ತ, "ಯಾವ ಬೆರಳು?" ಎಂದು ಕೇಳಿದರು. ಎಡಗಾಲಿನ ಐದರಲ್ಲಿ ಒಂದನ್ನಷ್ಟೇ ಸರಿಯಾಗಿ ಹೇಳಿದೆ. ಬೆನ್ನುಮೂಳೆಯಲ್ಲಿ ಟಿ.ಬಿ. ಎಂದರು.

"ನನಗೆ ಕೆಮ್ಮೇ ಇಲ್ಲವಲ್ಲ ಡಾಕ್ಟರ್."

"ಬೆನ್ನಲ್ಲಿ ಕೂತರೆ ಅದು ಕೆಮ್ಮಲ್ಲ. ಬೇರೆಯವರಿಗೆ ಅಂಟೋದೂ ಇಲ್ಲ. ಹದಿನೆಂಟು ತಿಂಗಳು ಮಾತ್ರೆ. ಮೊದಲು ಮೂರು ತಿಂಗಳು ಹಲಗೆಯ ಮೇಲೆ ಅಂಗಾತ. ಎದ್ದು ಕೂರಬಾರದು, ಊಟಕ್ಕೂ ಸಹ."

ನಾನು ಕೇಳಿದ್ದು ಒಂದೇ ಪ್ರಶ್ನೆ. "ನಾನು ಬೈಂಡಿಂಗ್ ಕೆಲಸದವನು. ಮತ್ತೆ ಆ ಕೆಲಸ ಮಾಡಬಹುದಾ?"

"ಮೊದಲು ಬೆರಳು ಹೇಳಲಿ," ಅಂದರು. "ಆಮೇಲೆ ನಾನು ಹೇಳ್ತೀನಿ."

ಮನೆಯ ಮುಂದಿನ ಕೋಣೆಯಲ್ಲಿ ಕಿಟಕಿಯ ಪಕ್ಕ ಹಲಗೆ ಹಾಕಿದರು. ಮೊದಲ ದಿನ ಮಾತ್ರೆ ನುಂಗಿದ ಮೇಲೆ ಮೂತ್ರ ಕಿತ್ತಳೆ ಬಣ್ಣಕ್ಕೆ ಬಂದಾಗ, ರಕ್ತವೇ ಹೋಗುತ್ತಿದೆ, ನನ್ನ ಕತೆ ಮುಗಿಯಿತು ಎಂದುಕೊಂಡು ಅರ್ಧ ದಿನ ಯಾರಿಗೂ ಹೇಳದೆ ಇದ್ದೆ. ಅದು ಮಾತ್ರೆಯ ಬಣ್ಣ. ಹೊಸದಾಗಿ ಶುರು ಮಾಡಿದವರು ಹೆದರಬೇಡಿ, ಕೇಳಿ ತಿಳಿದುಕೊಳ್ಳಿ. ಕೇಳಿದರೆ ಮರ್ಯಾದೆ ಹೋಗುವುದಿಲ್ಲ ಎನ್ನುವುದು ನನಗೆ ಆಗ ಗೊತ್ತಿರಲಿಲ್ಲ.

ದಿನಾ ಬೆಳಿಗ್ಗೆ ಅಕ್ಕ ಅಂಗಡಿಗೆ ಹೊರಡುವ ಮುಂಚೆ ನನ್ನದೇ ಬೈಂಡಿಂಗ್ ಸೂಜಿ ಹಿಡಿದುಕೊಂಡು ಕಾಲ ಬಳಿ ಕೂರುತ್ತಿದ್ದಳು. "ಯಾವ ಬೆರಳು?" ಎರಡನೇ ವಾರ ನನಗೆ ಸಾಕಾಗಿಹೋಯಿತು. ಏನೂ ತಿಳಿಯದಿದ್ದರೂ ಜೋರಾಗಿ, "ಹೆಬ್ಬೆರಳು," ಎಂದೆ.

"ಸರಿ. ಈಗ?"

"ಕಿರುಬೆರಳು."

"ಈಗ?"

"ನಡೂದು."

ಅಕ್ಕ ಸೂಜಿಯನ್ನು ಡಬ್ಬಿಗೆ ಹಾಕಿದಳು. "ನಾನು ಇನ್ನೂ ಚುಚ್ಚೇ ಇಲ್ಲ ಮುನಿ," ಎಂದಳು. "ಪರೀಕ್ಷೇಲಿ ಸುಳ್ಳು ಬರೆದು ಒಂದು ಸಲ ಫೇಲಾಗಿದ್ದು ಸಾಲದಾ?"

ಅಮ್ಮ ಒಳಗಿನಿಂದ ನಕ್ಕಳು. ನಾನು ಗೋಡೆಯ ಕಡೆ ಮುಖ ಮಾಡಿದೆ. ಅದಕ್ಕಿಂತ ಹೆಚ್ಚು ತಿರುಗಲು ಅಪ್ಪಣೆ ಇರಲಿಲ್ಲ.

ಪುಸ್ತಕದ ಯೋಚನೆ ಅಮ್ಮನದು. ಹತ್ತಿರದ ಕಲ್ಯಾಣಮಂಟಪವೊಂದರ ಮಹಡಿಯಲ್ಲಿ ಕನ್ನಡಿಗರ ಸಂಘದ ಒಂದು ಕೋಣೆಯ ಲೈಬ್ರರಿ ಇತ್ತು. ಭಾನುವಾರ ಬೆಳಿಗ್ಗೆ ಮಾತ್ರ ತೆರೆಯುತ್ತಿದ್ದರು. ಎರಡು ವರ್ಷದ ಹಿಂದೆ ಅಲ್ಲಿಯ ಒಂದಷ್ಟು ಹಳೇ ಪುಸ್ತಕಗಳಿಗೆ ಬೈಂಡ್ ಹಾಕಿಕೊಟ್ಟವನು ನಾನೇ. ಅದನ್ನು ನೋಡಿಕೊಳ್ಳುತ್ತಿದ್ದವರು ಆಚಾರ್ಯರು. ವಿಮಾ ಆಫೀಸಿನಿಂದ ನಿವೃತ್ತರಾದವರು, ಮೂರು ತಲೆಮಾರಿನಿಂದ ಮದರಾಸಿನಲ್ಲೇ ಇದ್ದ ವೈಷ್ಣವರ ಮನೆ, ಹಣೆಯಲ್ಲಿ ನಾಮ, ಕೈಯಲ್ಲಿ ಬೇಸಿಗೆಗೂ ಕೊಡೆ. ಅವರ ಲೈಬ್ರರಿಯಲ್ಲಿ ಒಂದು ಪದ್ಧತಿ. ಪುಸ್ತಕ ವಾಪಸು ಕೊಡುವವರು ಮೇಜಿನ ಮುಂದೆ ನಿಂತು ಅದರ ಬಗ್ಗೆ ಎರಡು ಮಾತು ಹೇಳಬೇಕು. ಅದನ್ನು ಅವರು ರಿಜಿಸ್ಟರಿನಲ್ಲಿ ಬರೆದುಕೊಂಡ ಮೇಲೇ ಮುಂದಿನ ಪುಸ್ತಕ.

ಅಮ್ಮ ಹೋಗಿ ಕೇಳಿದ್ದಕ್ಕೆ ಅವರು, ಹುಡುಗನ ವಯಸ್ಸೆಷ್ಟು ಎಂದರಂತೆ. ಇಪ್ಪತ್ತೆರಡು ಎಂದಳು. "ಹಾಗಾದ್ರೆ ಇನ್ನೂ ಬೆಳೀತಾ ಇದಾನೆ," ಎಂದು, ಹುಡುಗ ದೊಡ್ಡವನಾಗುವ ಕತೆಯ ಕಾದಂಬರಿಯೊಂದನ್ನು ತೆಗೆದುಕೊಟ್ಟರು.

ನನಗೆ ಸಿಟ್ಟು ಬಂತು. ಹದಿನೈದಕ್ಕೇ ದುಡಿಮೆಗೆ ಇಳಿದವನಿಗೆ ಬೆಳೆಯುವ ಕತೆಯಂತೆ. ಆದರೂ ಹಲಗೆಯ ಮೇಲೆ ಬೇರೆ ಕೆಲಸವಿಲ್ಲ. ಎದೆಯ ಮೇಲೆ ದಿಂಬಿಟ್ಟು, ದಿಂಬಿನ ಮೇಲೆ ಪುಸ್ತಕ ನಿಲ್ಲಿಸಿ, ಅಕ್ಷರಕ್ಕೆ ಅಕ್ಷರ ಕೂಡಿಸಿಕೊಂಡು ಓದಲು ಹತ್ತು ದಿನ ಹಿಡಿಯಿತು. ಹೆಸರುಗಳು ನನಗೆ ತಲೆಗೆ ಹತ್ತುತ್ತಿರಲಿಲ್ಲ. ಇವತ್ತಿಗೂ ಆ ಪುಸ್ತಕಗಳು ನನಗೆ ಬಟ್ಟೆಯ ಬಣ್ಣದಿಂದಲೇ ನೆನಪು. ಮೊದಲನೆಯದು ಕೆಂಪು ಕ್ಯಾಲಿಕೋ.

ವಾಪಸು ಕೊಡಲು ಹೋದ ಅಮ್ಮನನ್ನು ಆಚಾರ್ಯರು ತಡೆದರು. "ಓದಿದವನು ಹೇಳಬೇಕಮ್ಮಾ."

"ಮಲಗಿದಾನೆ ಸ್ವಾಮಿ."

"ಮಲಗಿದ್ರೆ ಏನು? ಬರೆದು ಕಳಿಸಲಿ. ರೂಲ್ ಅಂದ್ರೆ ರೂಲ್ ದಾನ್," ಎಂದರಂತೆ ಅರ್ಧ ತಮಿಳಿನಲ್ಲಿ.

ಬರೆಯುವುದಕ್ಕೆ ಕಾಗದ ಏಳುಮಲೈ ಮೇಸ್ತ್ರಿಯದು. ಅವರು ನನ್ನನ್ನು ನೋಡಲು ಬಂದಾಗ ಹಣ್ಣು ತರಲಿಲ್ಲ. ಕಟಿಂಗ್ ಮೆಷಿನ್ನಿನಲ್ಲಿ ಕತ್ತರಿಸಿ ಉಳಿದ ಅಂಚುಗಳ ಒಂದು ಕಟ್ಟು ತಂದರು. ನಾಲ್ಕು ಬೆರಳಗಲ, ಮೊಳದುದ್ದದ ಬಿಳೀ ಪಟ್ಟಿಗಳು. ಮಲಗಿಕೊಂಡು ಬರೆಯುವುದಕ್ಕೆ ಅದೇ ಸರಿ, ಒಂದು ಕೈಯಲ್ಲಿ ಹಿಡಿಯಬಹುದು. ಮೇಸ್ತ್ರಿ ನನ್ನ ಕಾಲು ನೋಡಲಿಲ್ಲ. "ನಿನ್ನ ಜಾಗದಲ್ಲಿ ಯಾರನ್ನೂ ಕೂರಿಸಿಲ್ಲ," ಎಂದು ತಮಿಳಿನಲ್ಲಿ ಹೇಳಿ, ಒಂದು ಬೀಡಿ ಹಚ್ಚಲು ಹೋಗಿ, ಅಮ್ಮನ ಮುಖ ನೋಡಿ ಕಿವಿಗೆ ಸಿಕ್ಕಿಸಿಕೊಂಡು ಹೋದರು.

ಕೆಂಪು ಕ್ಯಾಲಿಕೋದ ಬಗ್ಗೆ ನಾನು ಬರೆದದ್ದು ಇಷ್ಟು: "ಈ ಹುಡುಗ ಹತ್ತೊಂಬತ್ತು ವರ್ಷಕ್ಕೂ ಕೆಲಸಕ್ಕೆ ಹೋಗುವುದಿಲ್ಲ. ಕೆರೆಯ ಹತ್ತಿರ ಕೂತು ತಾನು ಯಾರು ಎಂದು ಯೋಚನೆ ಮಾಡುತ್ತಾನೆ. ಇವನಿಗೆ ಊಟ ಹಾಕುವವರು ಯಾರು ಎಂದು ಇನ್ನೂರು ಪುಟದಲ್ಲಿ ಒಂದು ಕಡೆಯೂ ಬರೆದಿಲ್ಲ. ಒಂದು ರೀಮು ಎತ್ತಿಸಿದರೆ ತಾನು ಯಾರು ಎಂದು ತಿಳಿಯುತ್ತದೆ. ಪುಸ್ತಕದ ಹೊಲಿಗೆ ಚೆನ್ನಾಗಿದೆ, ನನ್ನದೇ."

ಆಚಾರ್ಯರು ಅದನ್ನು ಗಟ್ಟಿಯಾಗಿ ಓದಿ ಕನ್ನಡಕ ತೆಗೆದು ಒರೆಸಿಕೊಂಡರಂತೆ. ಮುಂದಿನ ಪುಸ್ತಕದ ಒಳಗೆ ಒಂದು ಚೀಟಿ ಇಟ್ಟಿದ್ದರು: "ಊಟ ಹಾಕುವವಳ ಕತೆ ಇದು. ಓದು."

ಅದು ಹಳದಿ. ಒಬ್ಬ ಹುಡುಗಿ ದೊಡ್ಡವಳಾಗುವ ಕತೆ. ತಮ್ಮನ ಓದಿಗೋಸ್ಕರ ತನ್ನ ಓದು ಬಿಟ್ಟವಳು, ಕಡೆಗೆ ಯಾರಿಗೂ ಅದು ನೆನಪೂ ಇರುವುದಿಲ್ಲ. ಮೂರು ದಿನ ಅದು ನನ್ನನ್ನು ಬಿಡಲಿಲ್ಲ. ನಮ್ಮ ಅಕ್ಕ ಹನ್ನೆರಡನೇ ಕ್ಲಾಸು ಪಾಸಾದವಳು. ಒಂದು ಬೆಳಿಗ್ಗೆ ಸೂಜಿ ಹಿಡಿದು ಕೂತವಳನ್ನು ಕೇಳಿದೆ, "ಅಕ್ಕ, ನಿನಗೆ ಮುಂದೆ ಓದೋ ಆಸೆ ಇತ್ತಾ?"

"ಟೀಚರ್ ಟ್ರೈನಿಂಗಿಗೆ ಫಾರಂ ತುಂಬಿದ್ದೆ. ಅಪ್ಪ ಹೋದ ವರ್ಷ."

"ನನಗೆ ಹೇಳಲೇ ಇಲ್ಲ."

"ನೀನು ಆವಾಗ ದೊಡ್ಡ ಮನುಷ್ಯ, ಸ್ಕೂಲು ಬಿಟ್ಟು ಬಂದು ಮನೆಯಲ್ಲಿ ಎದೆ ಸೆಟೆದುಕೊಂಡು ಓಡಾಡ್ತಾ ಇದ್ದೆ. ಯಾರು ಹೇಳ್ತಾರೆ ನಿನಗೆ." ಸೂಜಿ ಒತ್ತಿದಳು. "ಯಾವ ಬೆರಳು?"

"ಹೆಬ್ಬೆರಳು," ಎಂದೆ. ಅವತ್ತು ಅದು ನಿಜವಾಗಿ ಹೆಬ್ಬೆರಳೇ.

ಮೂರನೆಯದು ಹಸಿರು ಕ್ಯಾಲಿಕೋ. ಹಳೇ ಕಾಲದ ಮುದ್ರಣ, ಪುಟದ ಸಂಖ್ಯೆಯೆಲ್ಲ ಕನ್ನಡ ಅಂಕಿಯಲ್ಲಿ. ಊರೂರು ತಿರುಗಿ ಬಳೆ ಮಾರುವ ಒಬ್ಬ ಅಪ್ಪ, ಅವನ ಹಿಂದೆ ಬಳೆಯ ಮಲಾರ ಹೊತ್ತು ನಡೆಯುವ ಮಗ. ಇದು ಮಾತ್ರ ನನಗೆ ಗೊತ್ತಿದ್ದ ಲೋಕ. ಇಲ್ಲಿ ಹುಡುಗ ಕೆಲಸ ಮಾಡುತ್ತಾನೆ. ಮುಟ್ಟಿದ ಕೂಡಲೇ ಕೈಯ ಅಳತೆ ತಿಳಿಯಬೇಕು ಎಂದು ಅಪ್ಪ ಕಲಿಸುತ್ತಾನೆ, ನಮ್ಮ ಮೇಸ್ತ್ರಿ ಕಾಗದದ ದಪ್ಪ ಬೆರಳಲ್ಲೇ ತಿಳಿಯಬೇಕು ಎಂದಂತೆ. ಕತೆ ಸುಮಾರು ದೂರ ಹೋದ ಮೇಲೆ ಇದ್ದಕ್ಕಿದ್ದಂತೆ ಅಪ್ಪ ಸತ್ತುಹೋಗುತ್ತಾನೆ. ಆಮೇಲೆ ಆದದ್ದನ್ನು ನನ್ನ ಪಟ್ಟಿಯಿಂದಲೇ ಹೇಳುತ್ತೇನೆ, ಅದು ನನ್ನ ಹತ್ತಿರ ಈಗಲೂ ಇದೆ.

"ಇದನ್ನು ಬರೆದವರಿಗೆ ಚಿಕ್ಕಂದಿನಲ್ಲೇ ಅಪ್ಪ ಸತ್ತಿರಬೇಕು. ಇಲ್ಲದಿದ್ದರೆ ಇದು ತಿಳಿಯುವುದಿಲ್ಲ. ಅಪ್ಪನ ಮಣ್ಣು ಮುಗಿಸಿ ಹುಡುಗ ಮನೆಗೆ ಬರುತ್ತಾನೆ. ವಾಕ್ಯ ಅರ್ಧಕ್ಕೆ ನಿಲ್ಲುತ್ತದೆ. ಪುಟ ತಿರುಗಿಸಿದರೆ ಅಪ್ಪ ಎದುರಿಗೆ ಕೂತು ಮುದ್ದೆ ಮುರಿಯುತ್ತಿದ್ದಾನೆ. ಯಾರಿಗೂ ಆಶ್ಚರ್ಯ ಇಲ್ಲ. ನಮ್ಮ ಮನೆಯಲ್ಲೂ ಹೀಗೇ ಆಯಿತು. ಅಪ್ಪ ಹೋದ ಮೇಲೂ ಆರು ತಿಂಗಳು, ವರ್ಕ್‌ಶಾಪಿನ ಸಂಜೆಯ ಸೈರನ್ ಆದ ಕೂಡಲೇ ಅಮ್ಮ ಕಾಫಿಗೆ ನೀರಿಡುತ್ತಿದ್ದಳು. ನಾವೂ ಸುಮ್ಮನಿರುತ್ತಿದ್ದೆವು. ಒಂದು ದಿನ ಇಡಲಿಲ್ಲ. ಈ ಪುಸ್ತಕದಲ್ಲೂ ಹಾಗೇ, ಅಪ್ಪ ಎರಡನೇ ಸಲ ಯಾವಾಗ ಹೋದ ಎಂದು ಹೇಳುವುದಿಲ್ಲ. ಒಂದು ಪುಟದಿಂದ ಸುಮ್ಮನೆ ಇಲ್ಲ."

ಅರ್ಧಕ್ಕೆ ನಿಂತ ವಾಕ್ಯದ ಬಗ್ಗೆ ನನಗೆ ಅನುಮಾನ ಬರಲಿಲ್ಲವೇ ಎಂದು ಕೇಳಬಹುದು. ಬಂತು. ಆದರೆ ಅನುಮಾನ ಬಂದದ್ದು ನನ್ನ ಮೇಲೆ. ಒಂಬತ್ತನೇ ಕ್ಲಾಸು ಫೇಲಾದವನು, ದೊಡ್ಡವರು ಹೀಗೇ ಬರೆಯುತ್ತಾರೇನೋ ಎಂದುಕೊಂಡೆ.

ಆ ಭಾನುವಾರ ಹಸಿರು ಪುಸ್ತಕ ವಾಪಸು ಕೊಟ್ಟು ಅಮ್ಮ ಖಾಲಿ ಚೀಲ ಹಿಡಿದುಕೊಂಡು ಬಂದಳು. ಅನ್ನ ಬಸಿದು, ಸಾರು ಇಳಿಸಿ, ಕಡೆಗೆ ನನ್ನ ತಲೆಯ ಹತ್ತಿರ ಬಂದು ಕೂತಳು.

"ಸಂಘದ ಖಜಾಂಚಿ ಬಂದಿದ್ರು. ಬ್ಯಾಂಕಿನ ಆಫೀಸರು ಇದಾರಲ್ಲ, ಅವರು. ನಿನಗೇನು ಕಾಯಿಲೆ ಅಂತ ಕೇಳಿದ್ರು. ಸುಳ್ಳು ಯಾಕೆ ಹೇಳಲಿ, ಹೇಳಿದೆ. ಆ ಪುಸ್ತಕ ಮೇಜಿನ ಮೇಲೆ ಇಡಬೇಡಿ ಅಂದ್ರು."

"ನೀನೇನು ಮಾಡಿದೆ?"

"ಕೆಳಗಿಟ್ಟೆ."

"ನೆಲದ ಮೇಲಾ?"

"ನೆಲದ ಮೇಲೇ ಕಣಪ್ಪ. ಮತ್ತೆಲ್ಲಿಡಲಿ."

ನಾನು ಮುಟ್ಟಿದ ಪುಸ್ತಕವನ್ನು ಮೇಜಿನ ಮೇಲೆ ಇಡಬಾರದು. ಆವರೆಗೆ ನನ್ನ ಭಯವೆಲ್ಲ ಕಾಲಿನದಾಗಿತ್ತು. ಕಾಲು ಬಂದರೆ ಅಂಗಡಿಗೆ ಹೋಗುತ್ತೇನೆ, ಹೋದರೆ ಕೆಲಸ ಇದೆ ಎಂದು ನಂಬಿ ಮಲಗಿದ್ದೆ. ನನ್ನ ಕೈ ಸೋಕಿದ್ದನ್ನು ಜನ ಮುಟ್ಟುವುದಿಲ್ಲ ಎಂದ ಮೇಲೆ, ಕಾಲು ಬಂದು ಏನು ಮಾಡಲಿ? ಯಾರು ತಾನೇ ನನ್ನ ಕೈಗೆ ಪುಸ್ತಕ ಕೊಡುತ್ತಾರೆ?

"ಇನ್ನು ಅಲ್ಲಿಗೆ ಯಾರೂ ಹೋಗಬೇಡಿ," ಎಂದೆ. ಆ ವಾರ ಅಕ್ಕ ಬೆರಳು ಕೇಳಿದರೂ ಉತ್ತರ ಕೊಡಲಿಲ್ಲ.

ಮುಂದಿನ ಭಾನುವಾರ ಹನ್ನೆರಡರ ಬಿಸಿಲಿನಲ್ಲಿ ಮೆಟ್ಟಿಲ ಮೇಲೆ ಕೊಡೆ ಊರುವ ಸದ್ದಾಯಿತು. ಆಚಾರ್ಯರು. ಅಮ್ಮ ಗಾಬರಿಯಿಂದ ಚಾಪೆ ಹುಡುಕುವುದರೊಳಗೆ ಅವರು ನನ್ನ ಹಲಗೆಯ ಅಂಚಿನಲ್ಲೇ ಕೂತುಬಿಟ್ಟಿದ್ದರು.

"ಸ್ವಾಮಿ, ನಮ್ಮನೇಲಿ ಕಾಫಿ..." ಅಮ್ಮ ಮಾತು ಮುಗಿಸಲಿಲ್ಲ. ಅವರ ನಾಮ, ನಮ್ಮ ಮನೆ, ನನ್ನ ಕಾಯಿಲೆ, ಮೂರೂ ಆ ಅರ್ಧ ಮಾತಿನಲ್ಲಿದ್ದವು.

"ಸಕ್ಕರೆ ಕಮ್ಮಿ ಹಾಕಮ್ಮಾ," ಅಂದರು ಆಚಾರ್ಯರು.

ಕೊಡೆಯ ಮಡಿಕೆಯಿಂದ ಹಸಿರು ಪುಸ್ತಕ ತೆಗೆದರು. ಜೇಬಿನಿಂದ ನನ್ನ ಪಟ್ಟಿ ತೆಗೆದರು.

"ಈ ಕಾದಂಬರೀನ ನಾನು ಹದಿನೆಂಟು ವಯಸ್ಸಲ್ಲಿ ಓದಿದ್ದು. ಅದರಲ್ಲಿ ಬಳೆಗಾರ ಒಂದೇ ಸಲ ಸಾಯ್ತಾನೆ. ನಿನ್ನ ಚೀಟಿ ನೋಡಿ ನನಗೇ ಸಂಶಯ ಬಂತಪ್ಪ, ವಯಸ್ಸಾಯ್ತು, ಮರ್ತೆನೋ ಏನೋ ಅಂತ. ಮನೇಗೆ ತೊಗೊಂಡು ಹೋಗಿ ಮತ್ತೆ ಓದಿದೆ." ಪುಸ್ತಕವನ್ನು ಮಧ್ಯಕ್ಕೆ ತೆರೆದು ನನ್ನ ಕಣ್ಣ ಮುಂದೆ ಹಿಡಿದರು. ಪುಟದ ತಳದಲ್ಲಿ, ಫಾರಂನ ಸಂಖ್ಯೆ ಮುದ್ರಿಸುವ ಜಾಗದಲ್ಲಿ ಬೆರಳಿಟ್ಟರು. "ಇದೇನು ಇದು?"

"ಆರು."

"ಇದು ಒಂಬತ್ತು." ಮುಂದಕ್ಕೆ ತಿರುಗಿಸಿದರು. "ಇದು ಆರು."

೯. ೬. ಎರಡನ್ನೂ ನೋಡಿದೆ. ಅಮ್ಮ ಕಲಿಸದ ಅಂಕಿ. ಎರಡು ವರ್ಷದ ಹಿಂದೆ ಅಂಗಡಿಯಲ್ಲಿ ಬಿಚ್ಚಿಟ್ಟ ಫಾರಂಗಳ ಕಟ್ಟು ಕೈಜಾರಿ ಚೆಲ್ಲಿಹೋದದ್ದು, ತಳದ ಅಂಕಿ ನೋಡಿ ನೋಡಿ ಜೋಡಿಸಿದ್ದು, ಕನ್ನಡ ಪುಸ್ತಕ ಜೋಡಿಸಬಲ್ಲವನು ಈ ಬೀದಿಯಲ್ಲಿ ನಾನೊಬ್ಬನೇ ಎಂದು ಮೇಸ್ತ್ರಿಯ ಮುಂದೆ ಹೇಳಿಕೊಂಡದ್ದು, ಎಲ್ಲ ನೆನಪಾಯಿತು. ಒಂಬತ್ತನೇ ಫಾರಂ ಆರರ ಜಾಗದಲ್ಲಿ ಕೂತಿತ್ತು. ಆರು ಒಂಬತ್ತರ ಜಾಗದಲ್ಲಿ. ಅಪ್ಪನನ್ನು ಬೇಗ ಸಾಯಿಸಿದವನೂ ನಾನೇ, ಕರೆದುಕೊಂಡು ಬಂದು ಮುದ್ದೆ ತಿನ್ನಿಸಿದವನೂ ನಾನೇ.

ಆ ನಾಚಿಕೆಯನ್ನು ಹೇಗೆ ಹೇಳಲಿ. ಎದ್ದು ಹೋಗುವಂತೆಯೂ ಇಲ್ಲ. ಕಣ್ಣು ಮುಚ್ಚಿಕೊಂಡೆ.

"ಕಣ್ಣು ತೆಗಿ, ಇನ್ನೂ ಇದೆ," ಎಂದರು. ಪುಸ್ತಕದ ಕೊನೆಯಲ್ಲಿ ಅಂಟಿಸಿದ ತಾರೀಕಿನ ಚೀಟಿ ತೋರಿಸಿದರು. "ನೀನು ಬೈಂಡ್ ಹಾಕಿದ ಮೇಲೆ ಹನ್ನೊಂದು ಜನ ಇದನ್ನ ತೊಗೊಂಡು ಹೋಗಿದಾರೆ. ಹನ್ನೊಂದು ಜನಾನೂ ನನ್ನ ಮುಂದೆ ನಿಂತು ಎರಡು ಮಾತು ಹೇಳಿದಾರೆ. ರಿಜಿಸ್ಟರ್ ತೆಗೆದು ನೋಡಿದೆ. ಒಬ್ಬರು, 'ಚೆನ್ನಾಗಿದೆ'. ಒಬ್ಬರು, 'ನೀತಿ ಇದೆ'. ಇನ್ನೊಬ್ಬರು, 'ಕೊನೆವರೆಗೂ ಒಂದೇ ಉಸಿರಿಗೆ ಓದಿಸಿಕೊಂಡು ಹೋಗುತ್ತದೆ'. ಈ ಒಂದೇ ಉಸಿರಿನವರು ಯಾರು ಗೊತ್ತಾ? ನಮ್ಮ ಖಜಾಂಚಿ."

ಬಾಗಿಲಲ್ಲಿ ಕಾಫಿ ಲೋಟ ಹಿಡಿದು ನಿಂತಿದ್ದ ಅಮ್ಮ ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡಳು. ನನಗೆ ನಗು ತಡೆಯಲಾಗಲಿಲ್ಲ. ನಕ್ಕರೆ ಬೆನ್ನು ಹಿಡಿಯುತ್ತದೆ, ಹಿಡಿದರೂ ನಕ್ಕೆ. ಎರಡು ತಿಂಗಳಲ್ಲಿ ಅದೇ ಮೊದಲು.

ಆಚಾರ್ಯರು ನಗಲಿಲ್ಲ. "ಈ ಪುಸ್ತಕಾನ ಓದಿದವನು ಒಬ್ಬನೇ. ತಪ್ಪು ಮಾಡಿದವನೂ ಅವನೇ. ಇವತ್ತು ಕಮಿಟೀಲಿ ರಿಜಿಸ್ಟರ್ ಇಟ್ಟು ಇದನ್ನ ಹೇಳಿಯೇ ಬಂದೆ. ಡಾಕ್ಟರು ಅಂಟಲ್ಲ ಅಂದದ್ದನ್ನೂ ಹೇಳಿದೆ. ಯಾರೂ ಬೇಡ ಅನ್ನಲಿಲ್ಲ." ಕಾಫಿ ಮುಗಿಸಿ ಎದ್ದರು. ಪುಸ್ತಕ ನನ್ನ ದಿಂಬಿನ ಪಕ್ಕದಲ್ಲೇ ಇತ್ತು.

"ಪುಸ್ತಕ ಮರೆತಿರಿ."

"ಮರೀಲಿಲ್ಲ. ಬಿಚ್ಚಿ ಸರಿಮಾಡು. ಯಾರ ಕೈಲೂ ಕಳಿಸಬೇಡ. ನೀನೇ ತಂದು ಮೇಜಿನ ಮೇಲೆ ಇಡಬೇಕು, ನಡ್ಕೊಂಡು ಬಂದು. ಲೇಟಾದ್ರೆ ಪರವಾಯಿಲ್ಲ."

ಅವರು ಹೋದ ಮೇಲೆ ಪುಟ ಹಿಂದೆ ಮುಂದೆ ತಿರುಗಿಸಿಕೊಂಡು ಸರಿಯಾದ ಕ್ರಮದಲ್ಲಿ ಮತ್ತೊಮ್ಮೆ ಓದಿದೆ. ಬರೆದೆ: "ಅಪ್ಪ ಒಂದೇ ಸಲ ಸತ್ತ, ಮತ್ತೆ ಬರಲಿಲ್ಲ. ಬರೆದವರ ಕ್ರಮ ಇದೇ ಇರಬಹುದು. ನನ್ನ ಕ್ರಮವೂ ಸುಳ್ಳಲ್ಲ. ನಮ್ಮ ಮನೆಯಲ್ಲಿ ಆದದ್ದು ನನ್ನ ಕ್ರಮದಲ್ಲೇ."

ಫೆಬ್ರುವರಿಯಲ್ಲಿ ಎಡಗಾಲಿನ ಮೂರು ಬೆರಳು ಸೂಜಿಗೆ ಉತ್ತರ ಕೊಟ್ಟವು. ಮೂರು ತಿಂಗಳು ಎಂದದ್ದು ಐದಾಗಿ, ಮಾರ್ಚಿನಲ್ಲಿ ಚರ್ಮದ ಪಟ್ಟಿ, ಕಬ್ಬಿಣದ ಪಟ್ಟಿ ಸೇರಿಸಿದ ಕವಚ ಕಟ್ಟಿ ಕೂರಿಸಿದರು. ಕೂತ ಮೊದಲ ದಿನ ತಲೆ ಸುತ್ತಿ, ಇಡೀ ಪುರಸೈವಾಕ್ಕಂ ವಾಲಿದಂತೆ ಕಂಡಿತು. ಹದಿನೈದು ದಿನದ ಮೇಲೆ ಅಕ್ಕನ ಕೈಯಿಂದ ಆ ಸೂಜಿಯನ್ನು ಕೇಳಿ ಈಸಿಕೊಂಡೆ. ಮೇಸ್ತ್ರಿ ಹೊಲಿಗೆಯ ಚೌಕಟ್ಟು ಕಳಿಸಿದ್ದರು. ನನ್ನದೇ ಹೊಲಿಗೆಯನ್ನು ನಾನೇ ಕತ್ತರಿಸಿ, ಫಾರಂಗಳನ್ನು ಹಲಗೆಯ ಮೇಲೆ ಹರಡಿ, ಅಮ್ಮನನ್ನು ಪಕ್ಕದಲ್ಲಿ ಕೂರಿಸಿಕೊಂಡು ಒಂದೊಂದೇ ಅಂಕಿ ಓದಿಸಿದೆ.

"ಇದೆಷ್ಟಮ್ಮ?"

"ಏಳು. ಆವಾಗಲೇ ಕಲಿಸಬೇಕಿತ್ತು ನಿನಗೆ."

"ಈಗ ಕಲಿಸು."

ಅಂಗಡಿಯಲ್ಲಿ ಒಂದು ಗಂಟೆಯ ಕೆಲಸ. ನನಗೆ ಆರು ದಿನ ಆಯಿತು. ಹತ್ತು ನಿಮಿಷ ಹೊಲಿದರೆ ಅರ್ಧ ಗಂಟೆ ಮಲಗಬೇಕು. ಆದರೆ ಕೊನೆಯ ಗಂಟು ಹಾಕಿ, ಬೆರಳಲ್ಲಿ ಒತ್ತಿ ನೋಡಿದಾಗ ಗೊತ್ತಾಯಿತು, ಕೈ ಏನನ್ನೂ ಮರೆತಿಲ್ಲ.

ಜೂನಿನಲ್ಲಿ ಒಂದು ಭಾನುವಾರ, ಅಂಗಿಯ ಒಳಗೆ ಕವಚ, ಕೈಯಲ್ಲಿ ಕೋಲು, ಕಂಕುಳಲ್ಲಿ ಹಸಿರು ಪುಸ್ತಕ. ಅಕ್ಕ ಅರ್ಧ ದಿನ ರಜೆ ಕೇಳಿ ಜೊತೆಗೆ ಬಂದಳು. ಹತ್ತು ಹೆಜ್ಜೆಗೊಮ್ಮೆ, "ಚಪ್ಪಲಿ ಇದೆಯಾ?" ಎನ್ನುತ್ತಿದ್ದಳು. ಎಂಟು ನಿಮಿಷದ ದಾರಿಗೆ ಮುಕ್ಕಾಲು ಗಂಟೆ. ಕಲ್ಯಾಣಮಂಟಪದ ಮೆಟ್ಟಿಲು ಇಪ್ಪತ್ತೆರಡು. ಕೈ ಹಿಡಿಯಲು ಬಂದವಳನ್ನು ಬೇಡ ಎಂದೆ. ಅವಳು ಕೇಳಲಿಲ್ಲ, ಹಿಡಿದೇ ಹತ್ತಿಸಿದಳು.

ಒಳಗೆ ಆರೇಳು ಜನರಿದ್ದರು. ಮೇಜಿನ ಹಿಂದೆ ಆಚಾರ್ಯರು, ಪಕ್ಕದ ಕುರ್ಚಿಯಲ್ಲಿ ಖಜಾಂಚಿಯವರು. ನಾನು ಯಾರಿಗೂ ನಮಸ್ಕಾರ ಹೇಳಲಿಲ್ಲ. ನಡೆದುಹೋಗಿ ಪುಸ್ತಕವನ್ನು ಮೇಜಿನ ನಟ್ಟನಡುವೆ ಇಟ್ಟೆ.

"ಎರಡು ಮಾತು," ಎಂದರು ಆಚಾರ್ಯರು, ರಿಜಿಸ್ಟರ್ ತೆರೆಯುತ್ತ, ಏನೂ ನಡೆದೇ ಇಲ್ಲವೆಂಬಂತೆ.

ದಾರಿಯುದ್ದಕ್ಕೂ ಬೇರೆ ಏನೇನೋ ಕೂಡಿಸಿಕೊಂಡಿದ್ದೆ. ಬಾಯಿಗೆ ಬಂದದ್ದು ಇದು: "ಹುಡುಗ ಒಳ್ಳೆಯ ಕೆಲಸಗಾರ. ಅಪ್ಪ ಹೋದ ಮೇಲೂ ಕಲಿತ ಕೆಲಸ ಬಿಡಲಿಲ್ಲ. ಅಷ್ಟೇ."

ಅವರು ಬರೆದುಕೊಂಡರು. ಖಜಾಂಚಿಯವರು ಕೆಮ್ಮಿ, ಕೆಮ್ಮಿದ್ದಕ್ಕೆ ತಾವೇ ಮುಜುಗರಪಟ್ಟು, ಕೈ ಚಾಚಿದರು. ಪುಸ್ತಕ ತೆಗೆದುಕೊಂಡು ಬೆನ್ನು ಸವರಿ ನೋಡಿದರು. "ಇದನ್ನ ನನ್ನ ಹೆಸರಿಗೆ ಬರೆದುಕೊಳ್ಳಿ ಆಚಾರ್ರೇ," ಎಂದರು. "ಈ ಸಲ ಪುಟ ನೋಡಿಕೊಂಡು ಓದ್ತೀನಿ."

ಅವರು ಕ್ಷಮೆ ಕೇಳಲಿಲ್ಲ, ನಾನೂ ಕೊಡಲಿಲ್ಲ. ಪುಸ್ತಕ ನನ್ನ ಕೈಯಿಂದ ಅವರ ಕೈಗೆ ಹೋಯಿತು. ನನಗೆ ಬೇಕಾಗಿದ್ದದ್ದು ಅಷ್ಟೇ. ನಾನು ಹೊರಡುವಾಗ ಆಚಾರ್ಯರು ಗೋಡೆಯ ಕಪಾಟು ತೋರಿಸಿ, ಬಿಚ್ಚಿಹೋದವು ಇನ್ನೂ ನೂರಿವೆ, ಯಾವಾಗ ತೊಗೊಂಡು ಹೋಗ್ತೀಯಾ ಎಂದರು. ಅಕ್ಕ, "ಹೊರೋ ಹಾಗಿಲ್ಲ ಸರ್ ಅವನು, ಆಟೋದಲ್ಲಿ ಕಳಿಸಿ," ಎಂದಳು.

ಮಾತ್ರೆ ಮುಗಿದದ್ದು 2000ದಲ್ಲಿ. ಒಂದು ದಿನವೂ ತಪ್ಪಿಸಲಿಲ್ಲ. ಆ ಡಾಕ್ಟರು ಕೊನೆಯ ಸಲ ಪಿನ್ನು ಹಿಡಿದು, ಐದರಲ್ಲಿ ಮೂರು ಎಂದು ಬರೆದುಕೊಂಡು, "ಕೆಲಸಕ್ಕೆ ಹೋಗಬಹುದು," ಎಂದರು. ಹೋಗುತ್ತಾ ಎಂಟು ತಿಂಗಳು ಆಗಿದೆ ಎಂದು ನಾನು ಹೇಳಲಿಲ್ಲ. ನೀವು ಈಗ ಹಲಗೆಯ ಮೇಲಿದ್ದರೆ ನಾನು ಹೇಳುವುದು ಇಷ್ಟೇ: ಮಾತ್ರೆ ಬಿಡಬೇಡಿ, ಬೆರಳಿನ ವಿಷಯದಲ್ಲಿ ಸುಳ್ಳು ಹೇಳಬೇಡಿ, ಅರ್ಧಕ್ಕೆ ನಿಂತ ವಾಕ್ಯ ಕಂಡರೆ ನಿಮ್ಮ ಮೇಲೊಬ್ಬರ ಮೇಲೇ ಅನುಮಾನ ಪಡಬೇಡಿ.

ಇದು 2008. ಈಗ ನನಗಿರುವುದು: ಪಲ್ಲಾವರಂನಲ್ಲಿ ಒಂದು ಶೆಡ್ಡು, ಎರಡು ಪ್ರೆಸ್ಸು, ಒಂದು ಕಟಿಂಗ್ ಮೆಷಿನ್ನು, ಕೆಲಸಕ್ಕೆ ನಾಲ್ಕು ಜನ. ಒಬ್ಬಳು ಹೆಂಡತಿ. ಕನ್ನಡದಲ್ಲಿ ಕೇಳಿದರೆ ತಮಿಳಿನಲ್ಲಿ ಉತ್ತರ ಕೊಡುವ, ಕನ್ನಡದ ಅಂಕಿ ನೂರರವರೆಗೆ ಬರುವ ಮಗಳೊಬ್ಬಳು. ಮೂವತ್ತಾರಕ್ಕೆ ಅಂಚೆಯ ಮೂಲಕ ಬಿ.ಎ. ಮುಗಿಸಿದ ಅಕ್ಕ ಒಬ್ಬಳು. ಅಂಗಿ ತೆಗೆದರೆ ಮಾತ್ರ ಕಾಣುವ ಒಂದು ಸಣ್ಣ ಗೂನು. ಏನೂ ಹೇಳದ ಬೆರಳು ಎರಡು. ಓದಿ ಮುಗಿಸಿದ ಕಾದಂಬರಿ ನಲವತ್ತೊಂದು, ಅವುಗಳ ಬಗ್ಗೆ ಬರೆದ ಪಟ್ಟಿಗಳನ್ನೆಲ್ಲ ಸೇರಿಸಿ ಹಸಿರು ಕ್ಯಾಲಿಕೋದಲ್ಲಿ ನಾನೇ ಹೊಲಿದ ಪುಸ್ತಕ ಒಂದು. ಕ್ರಮ ನೋಡಿದ್ದೇನೆ, ಸರಿಯಾಗಿದೆ. ಚಪ್ಪಲಿ ಎರಡು, ಎರಡೂ ಕಾಲಲ್ಲಿವೆ.